ನೆಟ್ಟ ಸಸಿಗಳ ಲೆಕ್ಕ ಸಾಕು, ತಾನಾಗಿ ಹುಟ್ಟಿದವನ್ನು ಎಣಿಸೋಣ

ಮುಂಗಾರು ಶುರುವಾಯಿತೆಂದರೆ ಬೆಂಗಳೂರಿನಲ್ಲಿ ಸಸಿ ನೆಡುವ ಸಂಭ್ರಮ. ಜುಲೈ ಮೊದಲ ವಾರದ ವನಮಹೋತ್ಸವಕ್ಕೆ ಶಾಲೆ, ಕಂಪನಿ, ಬಡಾವಣೆಯ ಸಂಘ, ಪಾಲಿಕೆ ಎಲ್ಲರೂ ಗುಂಡಿ ತೋಡುತ್ತಾರೆ. ರಸ್ತೆಗೋ ಮೆಟ್ರೊಗೋ ಮರ ಕಡಿದಾಗ ಒಂದಕ್ಕೆ ಹತ್ತು ಸಸಿ ನೆಡುವ ಭರವಸೆ ಸಿಗುತ್ತದೆ. ಕೊನೆಗೆ ಪತ್ರಿಕೆಯಲ್ಲಿ ಬರುವುದು ಒಂದೇ ಅಂಕಿ: ಎಷ್ಟು ಸಾವಿರ ನೆಟ್ಟರು ಎಂಬುದು.

ನೆಡುವವರ ಮನಸ್ಸು ಒಳ್ಳೆಯದೇ. ಆದರೆ ಆ ಅಂಕಿಯಿಂದ ಕಾಡಿನ ಬಗ್ಗೆ ಏನೂ ತಿಳಿಯುವುದಿಲ್ಲ. ಒಂದು ಜಾತಿಯ ಮರ ಒಂದು ಜಾಗದಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೋ ಇಲ್ಲವೋ ಎಂಬುದು ಅದು ಬೆಳೆದು ನಿಂತ ಮೇಲೆ ತೀರ್ಮಾನವಾಗುವುದು ಕಡಿಮೆ. ಬೀಜ ಮಣ್ಣಿಗೆ ಬಿದ್ದ ದಿನದಿಂದ ಗಿಡ ಆಳೆತ್ತರ ಆಗುವವರೆಗಿನ ಕೆಲವು ವರ್ಷಗಳಲ್ಲೇ ಬಹುಪಾಲು ಮುಗಿದುಹೋಗಿರುತ್ತದೆ. ನರ್ಸರಿಯಿಂದ ತಂದು ನೆಡುವ ಸಸಿ ಆ ವರ್ಷಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ, ನೆರಳು ಬಲೆಯ ಕೆಳಗೆ, ಪೈಪಿನ ನೀರು ಕುಡಿದು ಕಳೆದಿರುತ್ತದೆ. ಕಾಡು ಕೇಳುವ ಪ್ರಶ್ನೆಗಳನ್ನು ಅದು ಎದುರಿಸಿಯೇ ಇರುವುದಿಲ್ಲ. ಹಾಗಾಗಿ ಆ ಪ್ರಶ್ನೆಗಳು ಯಾವುವು ಅಂತ ಮೊದಲು ನೋಡೋಣ.

ಕಣ್ಣಿಗೆ ಮೊದಲು ಕಾಣುವುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಬೆಂಗಳೂರಿಗೆ ಸುಮಾರು 970 ಮಿಲಿಮೀಟರ್. ಅಲ್ಲಿ ನಿತ್ಯಹಸಿರು ಕಾಡು, ಇಲ್ಲಿ ಎಲೆ ಉದುರಿಸುವ ಕಾಡು ಮತ್ತು ಕುರುಚಲು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮರಗಳಿಗೆ ಮಳೆಯ ಒಟ್ಟು ಪ್ರಮಾಣಕ್ಕಿಂತ ಮಳೆ ಇಲ್ಲದ ತಿಂಗಳುಗಳು ದೊಡ್ಡ ವಿಷಯ. ಪಶ್ಚಿಮಘಟ್ಟದ ಉದ್ದಕ್ಕೂ ಇದನ್ನು ನೋಡಬಹುದು. ಕೇರಳದ ದಕ್ಷಿಣ ತುದಿಯಲ್ಲಿ ಒಣ ತಿಂಗಳು ಎರಡು ಮೂರು. ಉತ್ತರಕ್ಕೆ ಹೋದಂತೆ ಅದು ಏಳೆಂಟಕ್ಕೆ ಏರುತ್ತದೆ. ಮಳೆಗಾಲದಲ್ಲಿ ಎರಡೂ ಕಡೆ ಧಾರಾಳ ನೀರು. ಆದರೂ ಉತ್ತರಕ್ಕೆ ಹೋದಂತೆ ನಿತ್ಯಹಸಿರು ಮರಗಳ ಜಾತಿಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ಆ ದೀರ್ಘ ಬೇಸಿಗೆಯನ್ನು ಅವುಗಳಿಗೆ ದಾಟಲಾಗುವುದಿಲ್ಲ.

ನಮ್ಮ ಹತ್ತಿರದ ನಂದಿಬೆಟ್ಟದಲ್ಲಿ ಇದೇ ಕತೆ ಚಿಕ್ಕದಾಗಿ ಸಿಗುತ್ತದೆ. ಬುಡದಲ್ಲಿ ಮುಳ್ಳು ಪೊದೆ, ಒಣ ಕುರುಚಲು. 1,478 ಮೀಟರ್ ಎತ್ತರದ ತುದಿಯಲ್ಲಿ ದಟ್ಟ ಹಸಿರು, ಕಾಂಡದ ತುಂಬಾ ಪಾಚಿ. ಮೋಡ ಮತ್ತು ಮಂಜು ಅಲ್ಲಿನ ಎಲೆಗಳಿಗೆ ತೇವ ಕೊಡುತ್ತವೆ. ಬನ್ನೇರುಘಟ್ಟಕ್ಕೆ ಬಂದರೆ ಒಂದೇ ಗುಡ್ಡದಲ್ಲಿ ವ್ಯತ್ಯಾಸ ಕಾಣುತ್ತದೆ. ಬಂಡೆಯ ಮೇಲಿನ ತೆಳು ಮಣ್ಣಿನಲ್ಲಿ ಚುಜ್ಜಲು, ಜಾಲಾರಿ, ದಿಂಡಿಗ. ಹಳ್ಳದ ಅಂಚಿಗೆ ಇಳಿದರೆ ಹೊಳೆಮತ್ತಿ, ನೇರಳೆ, ಹೊಂಗೆ. ನಡುವೆ ಇರುವ ದೂರ ಕೆಲವೇ ಹೆಜ್ಜೆ, ಆದರೆ ಮಾರ್ಚ್ ತಿಂಗಳ ಮಣ್ಣಿನ ತೇವದಲ್ಲಿ ಅಜಗಜಾಂತರ.

ಹಾಗಾದರೆ ಹೊಳೆಮತ್ತಿ ಗುಡ್ಡದ ಮೇಲೆ ಯಾಕಿಲ್ಲ? ಬೀಜ ಅಲ್ಲಿಗೆ ಹೋಗಲಿಲ್ಲವೋ, ಹೋಗಿ ಸತ್ತಿತೋ? ಇದನ್ನು ಸುಮ್ನೆ ನೋಡಿ ಹೇಳಲಾಗದು. ಪ್ರಯೋಗ ಬೇಕು. ಪನಾಮಾ ದೇಶದ ಕಾಡಿನಲ್ಲಿ ಬೆಟ್ಟಿನಾ ಎಂಗಲ್‌ಬ್ರೆಕ್ಟ್ ಮತ್ತು ಸಂಗಡಿಗರು ಅಂಥ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. 48 ಜಾತಿಯ ಮರ ಮತ್ತು ಪೊದೆಗಳ ಎಳೆ ಗಿಡಗಳನ್ನು ಕಾಡಿನೊಳಗೆ ನೆಟ್ಟರು. ಕೆಲವಕ್ಕೆ ನೀರು ಹಾಕಿದರು, ಕೆಲವನ್ನು ಒಣಗಲು ಬಿಟ್ಟರು. ಯಾವುದು ಎಷ್ಟು ಒಣಗು ತಡೆಯುತ್ತದೆ ಎಂದು ಅಳೆದರು. ಆಮೇಲೆ ಆ ಜಾತಿಗಳ ಬೆಳೆದ ಮರಗಳು ಆ ಪ್ರದೇಶದಲ್ಲಿ ಎಲ್ಲೆಲ್ಲಿ ಇವೆ ಎಂಬ ಮಾಹಿತಿಯ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರು. ಎರಡೂ ಹೊಂದಿಕೊಂಡವು. ನೀರಿಲ್ಲದೆ ಬೇಗ ಸಾಯುವ ಸಸಿಗಳ ಜಾತಿಗಳು ತೇವದ ಕಡೆಗೇ ಸೀಮಿತವಾಗಿದ್ದವು. ನೆರಳನ್ನು ತಾಳಿಕೊಳ್ಳುವ ಶಕ್ತಿಯಿಂದ ಇಂಥ ಹೊಂದಾಣಿಕೆ ಸಿಗಲಿಲ್ಲ. ಅಂದರೆ ನೂರು ವರ್ಷ ಬದುಕುವ ಮರದ ಭೂಪಟವನ್ನು ಬರೆದದ್ದು ಅದರ ಬಾಲ್ಯದ ಒಂದೆರಡು ಬೇಸಿಗೆ. ಈ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಪ್ರಯೋಗ ಇದೇ.

ಬೆಂಗಳೂರಿಗೆ ಇದನ್ನು ಅನ್ವಯಿಸಿ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1980ರ ದಶಕದಲ್ಲಿ ನೆಟ್ಟ ಪಶ್ಚಿಮಘಟ್ಟದ ಜಾತಿಗಳ ಪುಟ್ಟ ಕಾಡು ಇದೆ. ಮರಗಳು ಎತ್ತರಕ್ಕೆ ಬೆಳೆದಿವೆ. ಎಳವೆ ದಾಟಿಸಿದರೆ ಮಲೆನಾಡಿನ ಎಷ್ಟೋ ಮರಗಳು ಇಲ್ಲಿ ಬದುಕುತ್ತವೆ ಎಂಬುದಕ್ಕೆ ಅದೇ ಸಾಕ್ಷಿ. ತಾವಾಗಿ ಮಾತ್ರ ಇಲ್ಲಿಗೆ ಬಂದು ನೆಲೆಸಲಾರವು. ಬದುಕುವುದು ಬೇರೆ, ನೆಲೆಸುವುದು ಬೇರೆ. ಸಸಿ ನೆಡುವ ನಮ್ಮ ಯೋಜನೆಗಳು ಮೊದಲನೆಯದನ್ನು ಸಾಧಿಸಿ ಎರಡನೆಯದೂ ಆಯಿತು ಅಂದುಕೊಳ್ಳುತ್ತವೆ.

ಒಣಗು ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಕಾಡು ಒಂದರ ಕೆಳಗೊಂದು ಇಟ್ಟ ಹಲವು ಜರಡಿಗಳ ಹಾಗೆ. ಒಂದರಲ್ಲಿ ಪಾರಾದ ಗಿಡ ಮುಂದಿನದರಲ್ಲಿ ಸಿಕ್ಕಿಹಾಕಿಕೊಳ್ಳಬಹುದು.

ಬೀಜ ಬಂದು ಸೇರುವುದೇ ಮೊದಲ ತೊಡಕು. ಹೊನ್ನೆ, ಮತ್ತಿ, ಜಾಲಾರಿಯ ಕಾಯಿಗಳಿಗೆ ರೆಕ್ಕೆ ಇದೆ, ಗಾಳಿ ಸಾಕು. ಹೊಂಗೆಯ ಕಾಯಿ ನೀರಿನಲ್ಲಿ ತೇಲುತ್ತದೆ. ನೆಲ್ಲಿಗೆ ಜಿಂಕೆ ಬೇಕು. ಜಿಂಕೆ ಹಣ್ಣು ನುಂಗಿ, ದೂರ ಹೋಗಿ, ಮೆಲುಕು ಹಾಕುವಾಗ ಬೀಜವನ್ನು ಉಗಿಯುತ್ತದೆ. ಪಶ್ಚಿಮಘಟ್ಟದಲ್ಲಿ ದೊಡ್ಡ ಬೀಜದ ಹಲವು ಮರಗಳಿಗೆ ಮಂಗಟ್ಟೆ ಹಕ್ಕಿಯೇ ಗತಿ. ಹಕ್ಕಿ ಇಲ್ಲವಾದರೆ ಮರ ನಾಳೆಯೇ ಸಾಯುವುದಿಲ್ಲ. ಅದರ ಬೀಜಗಳೆಲ್ಲ ತಾಯಿಯ ಬುಡದಲ್ಲೇ ರಾಶಿ ಬೀಳುತ್ತವೆ.

ತಾಯಿಯ ಬುಡ ಮಕ್ಕಳಿಗೆ ಒಳ್ಳೆಯ ಜಾಗವಲ್ಲ. 1970ರಲ್ಲಿ ಡೇನಿಯಲ್ ಜಾನ್ಜೆನ್, 1971ರಲ್ಲಿ ಜೋಸೆಫ್ ಕಾನೆಲ್ ಎಂಬ ಪರಿಸರ ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನು ಮುಂದಿಟ್ಟರು. ಒಂದು ಜಾತಿಯನ್ನೇ ತಿನ್ನುವ ಹುಳು, ಅದಕ್ಕೇ ಅಂಟುವ ಶಿಲೀಂಧ್ರ, ಬೀಜ ಕೊರೆಯುವ ಜೀರುಂಡೆ ಎಲ್ಲವೂ ದೊಡ್ಡ ಮರದ ಸುತ್ತ ಜಾಸ್ತಿ ಇರುತ್ತವೆ. ಅಲ್ಲಿ ಹುಟ್ಟಿದ ಅದೇ ಜಾತಿಯ ಸಸಿ ಬೇಗ ಸಾಯುತ್ತದೆ. ಖಾಲಿಯಾದ ಜಾಗ ಇನ್ನೊಂದು ಜಾತಿಗೆ ಸಿಗುತ್ತದೆ. ಉಷ್ಣವಲಯದ ಕಾಡಿನಲ್ಲಿ ಒಂದೇ ಮರ ಎಲ್ಲವನ್ನೂ ಆಕ್ರಮಿಸದೆ ಇಷ್ಟೊಂದು ಜಾತಿಗಳು ಜೊತೆಗಿರಲು ಇದು ದೊಡ್ಡ ಕಾರಣ ಎಂಬುದು ಅವರ ವಾದ. ಬೆಲೀಜ್ ದೇಶದ ಕಾಡಿನಲ್ಲಿ ಈ ವಾದಕ್ಕೆ ನೇರ ಪರೀಕ್ಷೆ ನಡೆಯಿತು. 2014ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಾಡಿನ ಸಣ್ಣ ತುಂಡುಗಳಿಗೆ ಶಿಲೀಂಧ್ರನಾಶಕ ಸಿಂಪಡಿಸಿದರು. ಅಲ್ಲಿ ಮೇಲೆದ್ದ ಸಸಿಗಳಲ್ಲಿ ಜಾತಿಗಳ ವೈವಿಧ್ಯ ಕಡಿಮೆಯಾಯಿತು. ರೋಗ ತರುವ ಶಿಲೀಂಧ್ರವನ್ನು ತೆಗೆದರೆ ಕಾಡು ಬಡವಾಗುತ್ತದೆ! ಒಂದೇ ಜಾತಿಯ ಸಸಿಯನ್ನು ಎಕರೆಗಟ್ಟಲೆ ನೆಡುವಾಗ ನಾವು ಯಾವುದಕ್ಕೆ ಬೆನ್ನು ತಿರುಗಿಸುತ್ತಿದ್ದೇವೆ ಎಂದು ಇದರಿಂದ ತಿಳಿಯುತ್ತದೆ.

ನೆರೆಹೊರೆ ಕೊಲ್ಲುವುದೂ ಉಂಟು, ಕಾಯುವುದೂ ಉಂಟು. ಶ್ರೀಗಂಧದ ಉದಾಹರಣೆ ನಮ್ಮ ಕೈಯಳತೆಯಲ್ಲೇ ಇದೆ. ಗಂಧದ ಬೇರು ಪಕ್ಕದ ಗಿಡಗಳ ಬೇರಿಗೆ ಅಂಟಿ ನೀರು, ಲವಣ ಹೀರುತ್ತದೆ. ಒಂಟಿಯಾಗಿ ಚೆನ್ನಾಗಿ ಬೆಳೆಯಲಾರದು. ಪಿಕಳಾರ, ಕೋಗಿಲೆಯಂಥ ಹಕ್ಕಿಗಳು ಹಣ್ಣು ತಿಂದು, ಪೊದೆಯ ಮೇಲೆ ಕೂತು ಬೀಜ ಉದುರಿಸುತ್ತವೆ. ಕಾರೆ, ಎಲಚಿ, ಲಂಟಾನದ ಮುಳ್ಳಿನೊಳಗೆ ಗಂಧದ ಎಳೆ ಗಿಡಕ್ಕೆ ನೆರಳು ಸಿಗುತ್ತದೆ, ಊಟ ಕೊಡುವ ಬೇರು ಸಿಗುತ್ತದೆ, ದನ ಮೇಕೆಯ ಬಾಯಿಂದ ರಕ್ಷಣೆಯೂ ಸಿಗುತ್ತದೆ. ಬೆಂಗಳೂರಿನ ಅಂಚಿನ ಬೇಲಿಗಳಲ್ಲಿ, ಕುರುಚಲಿನಲ್ಲಿ ಇಂದಿಗೂ ಗಂಧ ತಾನಾಗಿ ಹುಟ್ಟುವುದು ಹೀಗೆ. ಅದೇ ಕುರುಚಲನ್ನು ನಾವು ಪಾಳು ಭೂಮಿ ಅನ್ನುತ್ತೇವೆ. ಸಸಿ ನೆಡಲು ಮೊದಲು ಜೆಸಿಬಿ ತಂದು ಪೊದೆ ಸವರುತ್ತೇವೆ. ತಾನಾಗಿ ಬಂದಿದ್ದ ಗಂಧ ಹೋಗಿ, ಕಂಬ ಕಟ್ಟಿದ ಸಸಿ ಬರುತ್ತದೆ. ನನಗೆ ಇದು ಬಹಳ ನೋವಿನ ಸಂಗತಿ.

ಇನ್ನು ಬೆಂಕಿ. ಒಣ ಕಾಡಿನಲ್ಲಿ ಇದರಷ್ಟು ವಾದಕ್ಕೆ ಎಡೆಯಾಗುವ ವಿಷಯ ಇನ್ನೊಂದಿಲ್ಲ. ಹೊನ್ನೆ, ತೇಗ, ಮತ್ತಿಯಂಥ ಮರಗಳ ಎಳೆ ಗಿಡಗಳು ಪ್ರತಿ ಬೇಸಿಗೆ ಮೇಲ್ಭಾಗ ಒಣಗಿಸಿಕೊಳ್ಳುತ್ತವೆ ಅಥವಾ ಸುಟ್ಟುಕೊಳ್ಳುತ್ತವೆ. ಬೇರು ಮಾತ್ರ ಬದುಕಿರುತ್ತದೆ. ಮಳೆ ಬಂದಾಗ ಮತ್ತೆ ಚಿಗುರು. ಹೀಗೆ ವರ್ಷಗಟ್ಟಲೆ ಬೇರು ದಪ್ಪವಾಗುತ್ತ ಹೋಗುತ್ತದೆ. ನಡುವೆ ಕೆಲವು ವರ್ಷ ಬೆಂಕಿ ಬೀಳದಿದ್ದರೆ ಗಿಡ ಜ್ವಾಲೆಯ ಎತ್ತರ ದಾಟಿಬಿಡುತ್ತದೆ. ಬೆಂಕಿ ಮತ್ತೆ ಮತ್ತೆ ಬಂದರೆ ಮೊಣಕಾಲೆತ್ತರದಲ್ಲೇ ಉಳಿಯುತ್ತದೆ. ಕಾಡಿನಲ್ಲಿ ಕಾಣುವ ಪುಟ್ಟ ಗಿಡವೊಂದರ ಬೇರು ನಾವು ಊಹಿಸುವುದಕ್ಕಿಂತ ಎಷ್ಟೋ ಹಳೆಯದಿರಬಹುದು.

ಇದನ್ನು ವರ್ಷ ವರ್ಷವೂ ದಾಖಲಿಸಿದ ಜಾಗ ನಮ್ಮ ಬಂಡೀಪುರದ ಪಕ್ಕದ ಮುದುಮಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ತಂಡ 1988ರಲ್ಲಿ ಅಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿತು. ಒಂದು ಸೆಂಟಿಮೀಟರ್ ದಪ್ಪ ದಾಟಿದ ಪ್ರತಿ ಕಾಂಡಕ್ಕೂ ಸಂಖ್ಯೆ ಕೊಟ್ಟು, ಸತ್ತದ್ದು, ಹುಟ್ಟಿದ್ದು, ಬೆಳೆದದ್ದು ಎಲ್ಲವನ್ನೂ ಬರೆದಿಡುತ್ತ ಬಂದಿತು. ಅಲ್ಲಿ ಕಂಡದ್ದು ಒಂದೇ ಕಾರಣದ ಸರಳ ಕತೆಯಲ್ಲ. ಶುರುವಿನಲ್ಲಿ ಕಾಂಡಗಳ ಸಂಖ್ಯೆಯಲ್ಲಿ ಮುಂದಿದ್ದದ್ದು ಬೆಂಡೆ, ದಾಸವಾಳದ ಕುಟುಂಬಕ್ಕೆ ಸೇರಿದ ಕೈಡಿಯಾ ಎಂಬ ಮರ. ಆನೆಗಳಿಗೆ ಅದು ಬಲು ಇಷ್ಟ. ಮುರಿದು, ತೊಗಟೆ ಸುಲಿದು ತಿನ್ನುತ್ತವೆ. ಕೆಲವೇ ವರ್ಷಗಳಲ್ಲಿ ಅದರ ಸಂಖ್ಯೆ ಪಾತಾಳಕ್ಕೆ ಇಳಿಯಿತು. 1990ರ ದಶಕದ ಬೆಂಕಿಗಳಲ್ಲಿ ಎಳೆ ಗಿಡಗಳು ಸತ್ತವು, ದೊಡ್ಡ ಮರಗಳು ಹೆಚ್ಚುಕಡಿಮೆ ಹಾಗೇ ನಿಂತವು. ಬೆಂಕಿ ಇಲ್ಲದ ವರ್ಷಗಳು ಬಂದಾಗ ಎಳೆ ಗಿಡಗಳು ಮತ್ತೆ ತುಂಬಿಕೊಂಡವು. ಮೇಲಿನಿಂದ ನೋಡಿದರೆ ಅದೇ ಕಾಡು. ಕೆಳಗೆ ಮುಂದಿನ ತಲೆಮಾರು ಪೂರ್ತಿ ಅದಲುಬದಲು.

ಹಾಗಾದರೆ ಬೆಂಕಿಯನ್ನು ಪೂರ್ತಿ ನಿಲ್ಲಿಸಿದರೆ ಸಾಕೇ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಬೇರೆ ಉತ್ತರ ಕೊಡುತ್ತಾರೆ. ಬೇಸಿಗೆಯ ಆರಂಭದಲ್ಲೇ ಒಣ ಎಲೆಗೆ ಸಣ್ಣದಾಗಿ ಹಾಕುವ ತರಗು ಬೆಂಕಿ ಅವರ ಹಳೆಯ ಪದ್ಧತಿ. 1974ರಲ್ಲಿ ಅಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಬೆಂಕಿ ನಿಂತ ಮೇಲೆಯೇ ಲಂಟಾನ ಹಬ್ಬಿತು, ನೆಲ್ಲಿ ಮರಗಳ ಮೇಲೆ ಅವುಗಳ ಸಾರ ಹೀರುವ ಬದನಿಕೆ ಜಾಸ್ತಿಯಾಯಿತು ಎನ್ನುತ್ತಾರೆ ಅವರು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು 1997ರಲ್ಲಿ ನೋಡಿದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ, ಲಂಟಾನ ಇರುವ ಜಾಗಗಳು ಹೆಚ್ಚುಕಡಿಮೆ ಎರಡರಷ್ಟಾಗಿದ್ದವು. ಈಗ ಅದರಿಂದ ಬೆಂಕಿಯ ಸ್ವಭಾವವೂ ಬದಲಾಗಿದೆ. ಹಿಂದೆ ನೆಲದಲ್ಲಿ ಹರಿದು ಹೋಗುತ್ತಿದ್ದ ಬೆಂಕಿ, ಲಂಟಾನದ ಒಣ ರಾಶಿ ಸಿಕ್ಕರೆ ಮರದ ಕೊಂಬೆಗೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಉರಿದದ್ದನ್ನು ನಾವು ಮರೆತಿಲ್ಲ. ಹಾಗಂತ ಇವತ್ತಿನ ಲಂಟಾನ ತುಂಬಿದ ಕಾಡಿಗೆ ಹಳೆಯ ತರಗು ಬೆಂಕಿಯನ್ನು ಹಾಗೇ ಮರಳಿ ತರಲಾಗದು. ಮೊದಲು ಲಂಟಾನ ಕಡಿಮೆಯಾಗಬೇಕು. ಆಮೇಲೆ ಸೋಲಿಗರ ಜೊತೆ ಕೂತು, ಎಲ್ಲಿ, ಯಾವಾಗ ಎಂದು ನಿರ್ಧರಿಸಬೇಕು.

ಎಲ್ಲಕ್ಕೂ ಕಾರಣ ಹುಡುಕುವುದು ಸರಿಯೇ ಎಂದು ಕೇಳಿದವರೂ ಇದ್ದಾರೆ. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿ 1980ರ ಸುಮಾರಿಗೆ ಇಂಥದೇ 50 ಹೆಕ್ಟೇರ್ ಅಧ್ಯಯನ ಶುರುಮಾಡಿದ ಸ್ಟೀಫನ್ ಹಬ್ಬೆಲ್, 2001ರಲ್ಲಿ ಒಂದು ಸಿದ್ಧಾಂತವನ್ನು ವಿವರವಾಗಿ ಮಂಡಿಸಿದರು. ಜಾತಿ ಯಾವುದಾದರೂ ಪ್ರತಿ ಮರಕ್ಕೂ ಸಾಯುವ, ಮರಿ ಬಿಡುವ ಅವಕಾಶ ಒಂದೇ ಎಂದಿಟ್ಟುಕೊಂಡರೂ, ಬರೀ ಅದೃಷ್ಟ ಮತ್ತು ಬೀಜ ಹರಡುವ ಮಿತಿಯಿಂದಲೇ ಕಾಡಿನ ಎಷ್ಟೋ ವಿನ್ಯಾಸಗಳು ಮೂಡಬಲ್ಲವು ಎಂದರು. ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಜಾತಿ ಜಾತಿಗೂ ವ್ಯತ್ಯಾಸ ಇದೆ ಎಂಬುದಕ್ಕೆ ಒಣಗಿನ ಪ್ರಯೋಗದಂಥ ಪುರಾವೆಗಳು ಬಲವಾಗಿವೆ. ಆದರೂ ಹಬ್ಬೆಲ್ ಹೇಳಿದ್ದರಲ್ಲಿ ಒಂದು ಮಾತು ಬೆಂಗಳೂರಿಗೆ ತೀರಾ ಹೊಂದುತ್ತದೆ. ಬೀಜದ ಮೂಲ ದೂರವಾದಂತೆ ಸಣ್ಣ ಕಾಡಿನ ತುಂಡು ಜಾತಿಗಳನ್ನು ಸುಮ್ಮನೆ ಕಳೆದುಕೊಳ್ಳುತ್ತ ಹೋಗುತ್ತದೆ. ಬೆಂಗಳೂರಿನ ದಕ್ಷಿಣ ಅಂಚಿನ ತುರಹಳ್ಳಿ ಕಾಡು ಇವತ್ತು ಅಂಥ ದ್ವೀಪ. ಸುತ್ತ ಅಪಾರ್ಟ್‌ಮೆಂಟು, ರಸ್ತೆ. ಅಲ್ಲಿ ಒಂದು ಜಾತಿಯ ಕೊನೆಯ ನಾಲ್ಕು ಮರ ಗಾಳಿಗೆ ಬಿದ್ದರೆ, ಮತ್ತೆ ಬೀಜ ತರಲು ಯಾರಿದ್ದಾರೆ?

2021ರಲ್ಲಿ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನ ಜನ ಬೀದಿಗಿಳಿದು ವಿರೋಧಿಸಿದರು. ಅವರು ಕೇಳಿದ್ದು ಸರಿಯಾಗಿತ್ತು: ಇರುವ ಕಾಡಿಗೆ ಉದ್ಯಾನ ಯಾಕೆ? ನಗರದ ಹೊರವಲಯದ ಹೆಸರಘಟ್ಟದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಅಲ್ಲಿರುವುದು ಹುಲ್ಲುಗಾವಲು. ಮರ ಇಲ್ಲದ್ದರಿಂದ ಅದು ಹಾಳು ಬಿದ್ದಿದೆ ಎಂದುಕೊಂಡವರು ಬಹಳ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2011ರಲ್ಲೇ ಒಂದು ಮಾತು ಹೇಳಿದ್ದರು. ನಾವು ಎಲೆ ಉದುರಿಸುವ ಕಾಡು ಎಂದು ಕರೆಯುವ ಎಷ್ಟೋ ಜಾಗಗಳು ನಿಜದಲ್ಲಿ ಸವನ್ನಾ. ಹುಲ್ಲು ಮತ್ತು ಬಿಡಿ ಮರಗಳು, ಬೆಂಕಿ ಮತ್ತು ಮೇವಿನ ಜೊತೆ ಬೆಳೆದುಬಂದ ವ್ಯವಸ್ಥೆ. ಅಲ್ಲಿನ ಮರಗಳಿಗೆ ಬಿಸಿಲು ಬೇಕು, ಹುಲ್ಲಿಗೂ ಬಿಸಿಲು ಬೇಕು.

ಇದಕ್ಕೆ ಎದುರು ವಾದವೂ ಇದೆ, ಅದನ್ನೂ ಗಂಭೀರವಾಗಿ ನೋಡಬೇಕು. ಮಹೇಶ್ ಶಂಕರನ್ ಮತ್ತು ಇತರರು ಆಫ್ರಿಕಾದ ಸವನ್ನಾಗಳ ಬಗ್ಗೆ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಡಿಮೆ ಮಳೆ ಇರುವಲ್ಲಿ ಮರಗಳು ದಟ್ಟವಾಗಲು ನೀರೇ ಸಾಲದು. ಅದಕ್ಕಿಂತ ಜಾಸ್ತಿ ಮಳೆ ಇದ್ದರೆ, ಬೆಂಕಿ ಅಥವಾ ಮೇಯುವ ಪ್ರಾಣಿ ಇಲ್ಲದೆ ಬಯಲು ಬಯಲಾಗಿ ಉಳಿಯುವುದಿಲ್ಲ. ಬೆಂಗಳೂರಿನ ಮಳೆ ಈ ಗೆರೆಗಿಂತ ಜಾಸ್ತಿಯೇ ಇದೆ. ಹಾಗಾದರೆ ಹೆಸರಘಟ್ಟದ ಬಯಲಿಗೆ ದನಗಳೂ ಜನರೂ ಕಾರಣವಲ್ಲವೇ? ಬಹುಶಃ ಹೌದು. ಆದರೆ ಅದರಿಂದ ಮರ ನೆಡಬೇಕು ಎಂದಾಗುವುದಿಲ್ಲ. ಮೇಯುವುದೂ ಬೆಂಕಿಯೂ ಪರಿಸರದ ಒಳಗಿನ ಶಕ್ತಿಗಳೇ. ಅವುಗಳ ಜೊತೆಗೇ ಬಯಲಿನ ಹಕ್ಕಿ, ಕೀಟ, ಹುಲ್ಲುಗಳು ನೆಲೆ ಕಂಡುಕೊಂಡಿವೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಸರಘಟ್ಟದ 5,678 ಎಕರೆಯನ್ನು ಸಂರಕ್ಷಿತ ಪ್ರದೇಶವಾಗಿಸಲು ಒಪ್ಪಿದ್ದು ನನ್ನ ದೃಷ್ಟಿಯಲ್ಲಿ ಒಳ್ಳೆಯ ನಿರ್ಧಾರ. ಇನ್ನು ಮುಂದೆ ಅಲ್ಲಿ ಗುಂಡಿ ತೋಡದಂತೆ ನೋಡಿಕೊಳ್ಳಬೇಕು, ಅಷ್ಟೇ.

ನಗರದ ಒಳಗೆ ಮಾತು ಬೇರೆ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಒಂದರ ಹಿಂದೊಂದು ಹೂ ಬಿಡುವಂತೆ ಬೀದಿ ಮರಗಳನ್ನು ಆರಿಸಿದರು. ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಬೀದಿ ಮರಗಳ ಉದ್ದೇಶ ನೆರಳು, ತಂಪು, ಹೂ. ಅವು ಮರಿ ಬಿಡಬೇಕೆಂದು ಯಾರೂ ಕೇಳುವುದಿಲ್ಲ, ಬಿದ್ದ ಬೀಜಕ್ಕೆ ಕಾಂಕ್ರೀಟೇ ಗತಿ. ಆದರೂ ಈ ನಗರದಲ್ಲಿ ತಾವಾಗಿ ಹುಟ್ಟುವ ಮರಗಳಿವೆ, ಅವನ್ನು ಗಮನಿಸಿದ್ದೀರಾ? ಗೋಡೆಯ ಬಿರುಕಿನಲ್ಲಿ ಅರಳಿ, ಬಸರಿ. ಚರಂಡಿಯ ಪಕ್ಕ ಗಸಗಸೆ ಹಣ್ಣಿನ ಮರ. ಹಕ್ಕಿ, ಬಾವಲಿ ತಿನ್ನುವ ಸಣ್ಣ ಬೀಜದ ಹಣ್ಣು, ಬಿರುಕಿನಲ್ಲೂ ಬೇರಿಳಿಸುವ ಗಟ್ಟಿತನ, ಬೇಸಿಗೆ ತಡೆಯುವ ಶಕ್ತಿ. ಕಾಡಿನ ನಿಯಮಗಳು ನಗರದಲ್ಲಿ ನಿಂತಿಲ್ಲ, ಗೆಲ್ಲುವವರು ಬದಲಾಗಿದ್ದಾರೆ.

ಈಚೆಗೆ ಜನಪ್ರಿಯವಾಗಿರುವ ಮಿಯಾವಾಕಿ ಕಾಡುಗಳ ಬಗ್ಗೆಯೂ ಇಲ್ಲಿ ಹೇಳಬೇಕು. ಜಪಾನಿನ ಅಕಿರಾ ಮಿಯಾವಾಕಿ ಅವರ ಮೂಲ ಆಲೋಚನೆ ಗೌರವಕ್ಕೆ ತಕ್ಕದ್ದು. ಮನುಷ್ಯ ಕೈ ಹಾಕದಿದ್ದರೆ ಆ ಜಾಗದಲ್ಲಿ ಯಾವ ಕಾಡು ಇರುತ್ತಿತ್ತು ಎಂದು ಮೊದಲು ಹುಡುಕಿ, ಅದೇ ಜಾತಿಗಳನ್ನು ಒತ್ತೊತ್ತಾಗಿ ನೆಡಬೇಕು ಎಂದರು ಅವರು. ಇಲ್ಲಿ ಒತ್ತೊತ್ತಾಗಿ ನೆಡುವುದು ಮಾತ್ರ ಉಳಿದು, ಹುಡುಕುವ ಕೆಲಸ ಎಷ್ಟೋ ಕಡೆ ಬಿಟ್ಟುಹೋಗಿದೆ. ಮಲೆನಾಡಿನ ಮರ, ಬಯಲುಸೀಮೆಯ ಮರ, ತೋಟದ ಮರ ಎಲ್ಲ ಒಂದೇ ಗುಂಡಿಸಾಲಿನಲ್ಲಿ. ವರ್ಷಪೂರ್ತಿ ತೇವ ಇರುವ ಜಪಾನಿನ ಕಾಡಿಗೂ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಗುವ ನಮ್ಮ ಕೆಂಪು ಮಣ್ಣಿಗೂ ವ್ಯತ್ಯಾಸವಿದೆ. ಮೂರು ವರ್ಷ ಟ್ಯಾಂಕರ್ ನೀರು ಹಾಕಿ ನಿಲ್ಲಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ಉದ್ಘಾಟನೆಯ ಫೋಟೊದಲ್ಲಿ ನೋಡಲಾಗದು. ಮನೆ ಪಕ್ಕದ ಖಾಲಿ ಜಾಗಕ್ಕೆ ಹಸಿರು ಬೇಕೆಂದರೆ ಖಂಡಿತ ಮಾಡಿ. ಅದನ್ನು ಕಡಿದ ಕಾಡಿಗೆ ಬದಲು ಎಂದು ಲೆಕ್ಕಕ್ಕೆ ಬರೆಯಬೇಡಿ.

ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ತುರಹಳ್ಳಿ, ಬನ್ನೇರುಘಟ್ಟದ ಅಂಚು, ದೇವರಾಯನದುರ್ಗ, ಸಾವನದುರ್ಗದಂಥ ಕಡೆ ಸಣ್ಣ ಚೌಕಗಳನ್ನು ಗುರುತು ಮಾಡಿ, ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು, ತಾನಾಗಿ ಹುಟ್ಟಿದ ಗಿಡಗಳನ್ನು ಪ್ರತಿ ವರ್ಷ ಎರಡು ಸಲ ಎಣಿಸಬಹುದು. ನವೆಂಬರಿನಲ್ಲಿ ಒಮ್ಮೆ, ಮೇ ಕೊನೆಗೆ ಒಮ್ಮೆ. ಎರಡರ ನಡುವಿನ ವ್ಯತ್ಯಾಸವೇ ಬೇಸಿಗೆ ಎಷ್ಟನ್ನು ತಿಂದಿತು ಎಂಬ ಉತ್ತರ. ಯಾವ ಜಾತಿಗೆ ದೊಡ್ಡ ಮರ ಇದೆ, ಮರಿ ಇಲ್ಲ ಎಂಬುದು ಎರಡು ಮೂರು ವರ್ಷದಲ್ಲಿ ಹೊರಬರುತ್ತದೆ. ಆ ಜಾತಿಯ ಬೀಜವನ್ನು ಅದೇ ಕಾಡಿನಿಂದ ಸಂಗ್ರಹಿಸಿ, ಪೊದೆಯ ಮರೆಯಲ್ಲಿ ಬಿತ್ತಬಹುದು. ದನಗಳಿಗೆ ಕೆಲವು ವರ್ಷ ಒಂದು ಭಾಗ ಮುಚ್ಚಿ, ಇನ್ನೊಂದು ಭಾಗ ತೆರೆದಿಡಬಹುದು. ಶಾಲೆಯ ಮಕ್ಕಳು ಗುಂಡಿ ತೋಡುವುದಕ್ಕಿಂತ ಈ ಎಣಿಕೆಯಿಂದ ಜಾಸ್ತಿ ಕಲಿಯುತ್ತಾರೆ ಎಂಬುದು ನನ್ನ ನಂಬಿಕೆ. ಕಡಿದ ಮರಗಳಿಗೆ ಪರಿಹಾರವಾಗಿ ನೆಡುವ ಸಸಿಗಳಿಗೂ ಇದೇ ನಿಯಮ ಬರಬೇಕು. ಗುತ್ತಿಗೆದಾರರಿಗೆ ಕೊನೆಯ ಹಣ ನೆಟ್ಟ ದಿನ ಬಿಡುಗಡೆ ಆಗಬಾರದು. ನೀರು ನಿಲ್ಲಿಸಿದ ಮೇಲಿನ ಎರಡನೇ ಬೇಸಿಗೆ ಮುಗಿದು, ಜೂನ್‌ನಲ್ಲಿ ಬದುಕಿರುವ ಗಿಡಗಳನ್ನು ಜಾತಿವಾರು ಎಣಿಸಿದ ಮೇಲೆ ಆಗಬೇಕು.